ಲಾಂಗ್ಸ್ ಪೀಕ್: ಕೀಹೋಲ್ ದಾಟುವ ಮೊದಲು

ಪ್ರಶ್ನೆ: ಅಮೆರಿಕದ ಕೊಲರಾಡೊದಲ್ಲಿ, ಡೆನ್ವರ್ ಪಕ್ಕದಲ್ಲಿ ಎರಡು ವರ್ಷದಿಂದ ಇದ್ದೇನೆ. ಊರಿನಲ್ಲಿದ್ದಾಗ ಕುಕ್ಕೆ ಕಡೆಯಿಂದ ಕುಮಾರ ಪರ್ವತವನ್ನು ಎರಡು ಸಲ ಹತ್ತಿದ್ದೇನೆ. ಇಲ್ಲಿಗೆ ಬಂದ ಮೇಲೆ ಕ್ವಾಂಡರಿ, ಬಿಯರ್‌ಸ್ಟಾಟ್ ಎಂಬ ಬೆಟ್ಟಗಳೆರಡೂ ಆಗಿವೆ. ಆಗಸ್ಟ್ ಕೊನೆಯ ವಾರ ಕೀಹೋಲ್ ಎಂಬ ಬಂಡೆಯ ಕಿಂಡಿ ದಾಟಿ ಹೋಗುವ ದಾರಿಯಲ್ಲಿ ಲಾಂಗ್ಸ್ ಪೀಕ್ ಬೆಟ್ಟ ಹತ್ತಬೇಕೆಂದಿದ್ದೇನೆ. ಹಗ್ಗ ಬೇಕಾಗುತ್ತದಾ? ಬಂಡೆಯ ಮೇಲೆ ಬಣ್ಣದ ಗುರುತು ಇದೆ, ದಾರಿ ತಪ್ಪುವುದಿಲ್ಲ ಅನ್ನುತ್ತಾರೆ, ನಿಜವಾ? ಎಷ್ಟು ಹೊತ್ತಿಗೆ ಹೊರಡಬೇಕು? ಹೋಗುವುದಕ್ಕೆ ನಾಲ್ಕು ದಿನ ಮುಂಚೆ ನನ್ನ ಭಾಮೈದ ಬೆಂಗಳೂರಿನಿಂದ ಬರುತ್ತಾನೆ. ದಿನಾ ಜಿಮ್‌ಗೆ ಹೋಗುವ ಹುಡುಗ, ಗಟ್ಟಿಯಾಗಿದ್ದಾನೆ. ಅವನನ್ನೂ ಕರೆದುಕೊಂಡು ಹೋಗಬಹುದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಅದರಲ್ಲಿ ಇನ್ನೊಬ್ಬರ ಜೀವ ಇದೆ. ನಾಲ್ಕು ದಿನದ ಹಿಂದೆ ಬಂದಿಳಿದ ಭಾಮೈದನನ್ನು ಕೀಹೋಲಿನ ಆಚೆಗೆ ಕರೆದೊಯ್ಯಬೇಡಿ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ, ಲಾಂಗ್ಸ್ ಪೀಕಿನ ತುದಿ 4,346 ಮೀಟರ್, ಅಂದರೆ 14,259 ಅಡಿ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಶೇಕಡಾ 60ರಷ್ಟು ಮಾತ್ರ. ಇದಕ್ಕೆ ದೇಹ ಹೊಂದಿಕೊಳ್ಳುವುದು ದಿನಗಳ ಲೆಕ್ಕದಲ್ಲಿ, ಜಿಮ್ಮಿನಲ್ಲಿ ಎತ್ತಿದ ತೂಕದ ಲೆಕ್ಕದಲ್ಲಿ ಅಲ್ಲ. ಗಟ್ಟಿಮುಟ್ಟಾದ ಹುಡುಗರೇ ಇಂಥ ಕಡೆ ಹೆಚ್ಚು ತೊಂದರೆಗೆ ಸಿಕ್ಕುತ್ತಾರೆ. ಕಾಲಲ್ಲಿ ಶಕ್ತಿ ಇರುತ್ತದೆ, ಬೇಗ ಹತ್ತಿಬಿಡುತ್ತಾರೆ, ತಲೆನೋವು ಬಂದರೂ ಹೇಳಿಕೊಳ್ಳುವುದಿಲ್ಲ. ಅವನಿಗೆ ಏನು ಮಾಡಬಹುದು ಎನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ.

ಇನ್ನು ನಿಮ್ಮ ವಿಷಯ. ಕುಕ್ಕೆಯಿಂದ ಕುಮಾರ ಪರ್ವತದ ತುದಿಗೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಿಕೆ. ಲಾಂಗ್ಸ್ ಪೀಕಿನದೂ ಹತ್ತಿರಹತ್ತಿರ ಅಷ್ಟೇ: ದಾರಿ ಶುರುವಾಗುವುದು 9,405 ಅಡಿಯಲ್ಲಿ, ಹೋಗಿ ಬರಲು ಸುಮಾರು 15 ಮೈಲಿ, 24 ಕಿಲೋಮೀಟರ್. ಹಾಗಾಗಿ ನಿಮ್ಮ ಕಾಲಿನ ಬಗ್ಗೆ ನನಗೆ ಚಿಂತೆ ಇಲ್ಲ. ಇಲ್ಲಿ ಬೇರೆಯಾಗುವುದು ಗಾಳಿ, ಗಡಿಯಾರ ಮತ್ತು ಕೊನೆಯ ಒಂದೂವರೆ ಮೈಲಿಗಿಂತ ಕಡಿಮೆ ದೂರ. ಕ್ವಾಂಡರಿ, ಬಿಯರ್‌ಸ್ಟಾಟ್ ಎರಡೂ ಕಾಲಲ್ಲಿ ನಡೆದು ಮುಗಿಸುವ ಬೆಟ್ಟಗಳು. ಕೀಹೋಲಿನ ಆಚೆ ಇರುವುದು ಅಮೆರಿಕದವರು ಕ್ಲಾಸ್ 3 ಎಂದು ಕರೆಯುವ ಬಂಡೆ: ಕೈ ಊರದೆ, ಹಿಡಿಯದೆ ಮುಂದೆ ಹೋಗಲಾಗದು, ಕಾಲು ಜಾರಿದರೆ ನಿಲ್ಲುವ ಜಾಗ ಎಲ್ಲ ಕಡೆ ಇಲ್ಲ. ಇದನ್ನು ಹೈಕ್ ಎಂದುಕೊಳ್ಳಬೇಡಿ ಎಂದು ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನವರೇ ಎಚ್ಚರಿಸುತ್ತಾರೆ. ಈ ಬೆಟ್ಟದಲ್ಲಿ ಇದುವರೆಗೆ 60ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಬಿದ್ದು ಸತ್ತವರೇ ಹೆಚ್ಚು.

ಹಗ್ಗ ಬೇಕಾ? ಬಂಡೆ ಒಣಗಿದ್ದರೆ ಬೇಡ. ಬಂಡೆ ಒಣಗಿಲ್ಲದಿದ್ದರೆ ನೀವು ಅಲ್ಲಿಗೆ ಹೋಗುವುದೇ ಬೇಡ. ಹಗ್ಗವನ್ನು ಎಲ್ಲಿ ಕಟ್ಟಬೇಕು, ಬಿದ್ದವರನ್ನು ಹೇಗೆ ತಡೆಯಬೇಕು ಎನ್ನುವುದು ತಿಳಿಯದೆ ಇಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊರಟರೆ, ಒಬ್ಬ ಜಾರಿದಾಗ ಇನ್ನೊಬ್ಬನೂ ಜೊತೆಗೆ ಹೋಗುತ್ತಾನೆ. ಅದರ ಬದಲು ಹೆಲ್ಮೆಟ್ ಹಾಕಿಕೊಳ್ಳಿ. ಯಾಕೆ ಎನ್ನುವುದು ಟ್ರಾಫ್ ಎಂಬ ಕೊರಕಲಿನ ವಿಷಯ ಬಂದಾಗ ತಿಳಿಯುತ್ತದೆ.

ಹೊರಡುವ ಹೊತ್ತನ್ನು ತುದಿಯಿಂದ ಹಿಂದಕ್ಕೆ ಎಣಿಸಿ. ಜುಲೈ, ಆಗಸ್ಟಿನಲ್ಲಿ ಇಲ್ಲಿ ಮಧ್ಯಾಹ್ನದ ಹೊತ್ತಿಗೆ ಗುಡುಗು ಮಳೆ ಬರುವುದು ಮಾಮೂಲು, ಕೆಲವು ದಿನ ಹನ್ನೊಂದಕ್ಕೇ ಬರುತ್ತದೆ. ಕೀಹೋಲಿನಿಂದ ತುದಿಗೆ ಹೋಗಿ ಮತ್ತೆ ಕೀಹೋಲಿಗೆ ಬರಲು ಮೊದಲ ಸಲ ಹೋಗುವವರಿಗೆ ನಾಲ್ಕರಿಂದ ನಾಲ್ಕೂವರೆ ಗಂಟೆ ಬೇಕು. ಅಂದರೆ ಬೆಳಿಗ್ಗೆ ಆರೂವರೆಗೆ ನೀವು ಕೀಹೋಲಿನಲ್ಲಿ ಇರಬೇಕು. ಕಾರಿನಿಂದ ಅಲ್ಲಿಗೆ ನಾಲ್ಕೂವರೆ ಗಂಟೆ ಹಿಡಿಯಿರಿ. ಲೆಕ್ಕ ಸರಿಯಾಗಿ ರಾತ್ರಿ ಎರಡು ಗಂಟೆಗೆ ಬಂದು ನಿಲ್ಲುತ್ತದೆ. ಇದಕ್ಕಿಂತ ತೀರಾ ಮುಂಚೆ ಹೊರಟರೂ ಲಾಭವಿಲ್ಲ. ಆಗಸ್ಟ್ ಕೊನೆಯಲ್ಲಿ ಸೂರ್ಯ ಹುಟ್ಟುವುದೇ ಆರು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ, ಕತ್ತಲಲ್ಲಿ ಕೀಹೋಲ್ ದಾಟಿದರೆ ಆಚೆಯ ಗುರುತುಗಳು ಕಣ್ಣಿಗೆ ಬೀಳುವುದಿಲ್ಲ. ಏಳೂವರೆಯಾದರೂ ಕೀಹೋಲ್ ಮುಟ್ಟಿರದಿದ್ದರೆ ಅವತ್ತಿನ ತುದಿಯ ಆಸೆ ಬಿಡಿ. ವಾರಾಂತ್ಯದಲ್ಲಿ ಪಾರ್ಕಿಂಗ್ ಜಾಗ ಬೆಳಗಾಗುವ ಎಷ್ಟೋ ಮೊದಲೇ ತುಂಬಿಹೋಗುತ್ತದೆ, ಆದ್ದರಿಂದ ರಜೆ ಹಾಕಿ ವಾರದ ನಡುವೆ ಹೋಗುವುದು ಮೇಲು. ಕೀಹೋಲಿನಾಚೆಯ ಇಕ್ಕಟ್ಟಿನಲ್ಲಿ ಜನ ಕಡಿಮೆ ಇರುವುದೂ ಒಂದು ರಕ್ಷಣೆಯೇ. ಪಾರ್ಕ್ ಪ್ರವೇಶಕ್ಕೆ ಬೇಸಿಗೆಯಲ್ಲಿ ಹೊತ್ತು ನಿಗದಿ ಮಾಡಿ ಕಾಯ್ದಿರಿಸುವ ಪದ್ಧತಿ ಇದೆ. ಅದರ ನಿಯಮ ಬದಲಾಗುತ್ತಿರುತ್ತದೆ, ಆ ವರ್ಷದ್ದನ್ನು ನೋಡಿಕೊಳ್ಳಿ.

ಗಡಿಯಾರಕ್ಕೆ ಇಷ್ಟು ಒತ್ತು ಕೊಡಲು ಇನ್ನೂ ಒಂದು ಕಾರಣವಿದೆ. ಇಲ್ಲಿ ಮೋಡ ಬರುವುದು ಹೆಚ್ಚಾಗಿ ಪಶ್ಚಿಮದಿಂದ. ಕೀಹೋಲ್ ತನಕದ ದಾರಿ ಪೂರ್ವ ಮತ್ತು ಉತ್ತರದ ಮಗ್ಗುಲಲ್ಲಿದೆ, ಬೆಟ್ಟವೇ ಪಶ್ಚಿಮದ ಆಕಾಶಕ್ಕೆ ಅಡ್ಡ ನಿಂತಿರುತ್ತದೆ. ತಲೆಯ ಮೇಲೆ ನೀಲಿ ಆಕಾಶ, ಬೆನ್ನಿಗೆ ಬಿಸಿಲು, ಆಚೆ ಕಡೆ ಏನು ಕಟ್ಟಿಕೊಳ್ಳುತ್ತಿದೆ ಎಂದು ಕೀಹೋಲಿಗೆ ಮುಖವಿಟ್ಟು ನೋಡುವ ತನಕ ಗೊತ್ತೇ ಆಗುವುದಿಲ್ಲ. ಹೋಗಬೇಕೋ ಬೇಡವೋ ಎನ್ನುವ ತೀರ್ಮಾನವನ್ನು ಅಲ್ಲಿ ನಿಂತು, ಹತ್ತು ನಿಮಿಷ ಪಶ್ಚಿಮ ನೋಡಿ ತೆಗೆದುಕೊಳ್ಳಿ. ತುದಿ ಹತ್ತಿರವಾದ ಮೇಲೆ ಯಾರೂ ಸರಿಯಾಗಿ ಯೋಚಿಸುವುದಿಲ್ಲ.

ಈಗ ದಾರಿ. ಕೀಹೋಲಿನ ಕೆಳಗಿನ ಆರು ಮೈಲಿ ಚೆನ್ನಾಗಿ ಸವೆದ ಕಾಲುದಾರಿ. ಆದರೆ ಅಷ್ಟನ್ನೂ ಕತ್ತಲಲ್ಲಿ, ಹೆಡ್‌ಲ್ಯಾಂಪ್ ಬೆಳಕಿನಲ್ಲಿ ನಡೆಯುತ್ತೀರಿ, ಕವಲುಗಳಲ್ಲಿ ಎಚ್ಚರ ಬೇಕು. ಅರ್ಧ ಮೈಲಿಗೆ ಯೂಜೀನಿಯಾ ಮೈನ್ ಕಡೆಗೆ ಒಂದು ದಾರಿ ಬಲಕ್ಕೆ ಹೋಗುತ್ತದೆ, ನೀವು ಎಡಕ್ಕೆ. ಗಾಬ್ಲಿನ್ಸ್ ಫಾರೆಸ್ಟ್ ದಾಟಿ, ಆಲ್ಪೈನ್ ಬ್ರೂಕ್ ಹಳ್ಳದ ಸೇತುವೆ ದಾಟಿದ ಮೇಲೆ ಮರಗಳು ಗಿಡ್ಡವಾಗುತ್ತ 11,000 ಅಡಿಯ ಸುಮಾರಿಗೆ ಮುಗಿದೇಹೋಗುತ್ತವೆ. ಅಲ್ಲಿಂದ ಗಾಳಿಗೆ ಯಾವ ಮರೆಯೂ ಇಲ್ಲ, ಮೈಬೆವರು ಆರುವ ಮೊದಲೇ ಜಾಕೆಟ್ ಹಾಕಿಕೊಳ್ಳಿ. ಮುಂದೆ 11,540 ಅಡಿಯಲ್ಲಿ ಕ್ಯಾಸಮ್ ಜಂಕ್ಷನ್: ಎಡಕ್ಕೆ ಹೋದರೆ ಕ್ಯಾಸಮ್ ಸರೋವರ, ನೀವು ಬಲಕ್ಕೆ. ಆಮೇಲೆ 12,080 ಅಡಿಯಲ್ಲಿ ಗ್ರಾನಿಟ್ ಪಾಸ್: ಇಲ್ಲಿ ಎಡಕ್ಕೆ. ಬಲಗಡೆಯದು ಬೇರ್ ಲೇಕ್ ಕಡೆಗೆ ಇಳಿಯುವ ದಾರಿ. ಈ ಜಂಕ್ಷನನ್ನು ನೆನಪಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ಹೋಗುವಾಗ ತಪ್ಪುವವರು ಕಡಿಮೆ, ಬರುವಾಗ ಸುಸ್ತಾಗಿ ತಲೆ ತಗ್ಗಿಸಿ ನಡೆಯುವವರು ಇಲ್ಲಿ ಬಲಕ್ಕೆ ತಿರುಗುವ ಬದಲು ನೇರ ಎಡಕ್ಕೆ ಇಳಿದುಬಿಡುತ್ತಾರೆ. ಗೊತ್ತಾಗುವ ಹೊತ್ತಿಗೆ ಕಾರು ಇರುವ ಕಡೆಯಿಂದ ಮೈಲಿಗಟ್ಟಲೆ ದೂರ ಹೋಗಿರುತ್ತಾರೆ.

ಗ್ರಾನಿಟ್ ಪಾಸ್‌ನಿಂದ ಅಂಕುಡೊಂಕಾಗಿ ಏರಿ 12,750 ಅಡಿಯ ಬೌಲ್ಡರ್‌ಫೀಲ್ಡ್ ಸೇರುತ್ತೀರಿ. ಹೆಸರೇ ಹೇಳುವಂತೆ ಗುಂಡುಕಲ್ಲಿನ ಬಯಲು, ಕೆಲವು ಕಲ್ಲು ಕಾರಿನಷ್ಟು ದೊಡ್ಡವು. ಇಲ್ಲಿ ಕಾಲುದಾರಿ ಮುಗಿಯುತ್ತದೆ. ಕ್ಯಾಂಪ್ ಮಾಡುವವರು ಗಾಳಿಗೆ ಅಡ್ಡವಾಗಿ ಕಟ್ಟಿಕೊಂಡ ಕಲ್ಲುಗೋಡೆಗಳೂ ಶೌಚಾಲಯವೂ ಇವೆ. ಅಲ್ಲಿಂದ ಕಲ್ಲುಗುಪ್ಪೆಗಳನ್ನು ನೋಡುತ್ತ, ಬೆಟ್ಟದ ಬಲಗಡೆಯ ದಿಂಡಿನಲ್ಲಿ ಕಾಣುವ ದೊಡ್ಡ ಕಿಂಡಿಯ ಕಡೆಗೆ ನಡೆಯಿರಿ, ಅದೇ ಕೀಹೋಲ್. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹಾರಬೇಡಿ. ದೊಡ್ಡ ಕಲ್ಲೂ ಅಲುಗುತ್ತದೆ, ಪೂರ್ತಿ ಭಾರ ಹಾಕುವ ಮೊದಲು ಪಾದ ಒತ್ತಿ ನೋಡಿ. ಇದೇ ಬಯಲಿನಿಂದ ಕೆಲವರು ಎಡಕ್ಕೆ, ಬೆಟ್ಟದ ಉತ್ತರ ಮುಖಕ್ಕೆ ನೇರ ಹೋಗುವುದು ಕಂಡರೆ ಅವರ ಹಿಂದೆ ಹೋಗಬೇಡಿ. ಅಲ್ಲಿ 1925ರಲ್ಲಿ ಉಕ್ಕಿನ ಕೇಬಲ್ ಹಾಕಿದ್ದರು, 1973ರಲ್ಲಿ ತೆಗೆದರು. ಈಗ ಅದು ಹಗ್ಗ ಹಾಕಿ ಹತ್ತುವವರ ದಾರಿ.

ಕೀಹೋಲ್ 13,150 ಅಡಿಯಲ್ಲಿದೆ. ಅದರ ಪಕ್ಕದಲ್ಲಿ ಜೇನುಗೂಡಿನಾಕಾರದ ಪುಟ್ಟ ಕಲ್ಲಿನ ಗೂಡು ಇದೆ. 1925ರ ಜನವರಿಯಲ್ಲಿ ಪೂರ್ವ ಮುಖವನ್ನು ಚಳಿಗಾಲದಲ್ಲಿ ಮೊದಲ ಬಾರಿ ಹತ್ತಿ, ಇಳಿಯುವಾಗ ಬಿದ್ದು ಚಳಿಯಲ್ಲಿ ತೀರಿಕೊಂಡ ಆಗ್ನೆಸ್ ವೇಯ್ಲ್ ಅವರ ನೆನಪಿಗೆ ಕಟ್ಟಿದ್ದು. ಗಾಳಿಗೆ ಮರೆಯಾಗಲು, ಬಟ್ಟೆ ಹಾಕಿಕೊಳ್ಳಲು ಒಳ್ಳೆಯ ಜಾಗ. ಸಿಡಿಲಿಗೆ ಆಶ್ರಯ ಅಲ್ಲ. ಸಿಡಿಲಿನ ವಿದ್ಯುತ್ತು ಬಂಡೆಯ ಮೈಮೇಲೆ, ಗೋಡೆಯ ಗುಂಟ ಹರಿಯುತ್ತದೆ, ಒಳಗೆ ಒರಗಿ ಕುಳಿತವರಿಗೂ ಹೊಡೆಯುತ್ತದೆ. ಟ್ರೆಕಿಂಗ್ ಕೋಲುಗಳನ್ನು ಇಲ್ಲಿ ಮಡಚಿ ಚೀಲಕ್ಕೆ ಕಟ್ಟಿಕೊಳ್ಳಿ. ಇನ್ನು ಮುಂದೆ ಎರಡೂ ಕೈ ಬಂಡೆಗೆ ಬೇಕು. ಹೊರಗೆ ಬಿಟ್ಟುಹೋದರೆ ದೊಡ್ಡ ಅಳಿಲಿನಂಥ ಮಾರ್ಮಟ್‌ಗಳು ಬೆವರಿನ ಉಪ್ಪಿಗಾಗಿ ಕೋಲಿನ ಪಟ್ಟಿಯನ್ನೂ ಹಿಡಿಯನ್ನೂ ಕಡಿದು ಹಾಕಿರುತ್ತವೆ.

ಕಿಂಡಿ ದಾಟಿದೊಡನೆ ಎಲ್ಲ ಬದಲಾಗುತ್ತದೆ. ಗಾಳಿ ಮುಖಕ್ಕೆ ಹೊಡೆಯುತ್ತದೆ, ಬೆಳಗಿನ ಬಿಸಿಲು ಈ ಮಗ್ಗುಲಿಗೆ ಬಂದಿರುವುದಿಲ್ಲ, ಬಲಗಡೆ ಗ್ಲೇಸಿಯರ್ ಗಾರ್ಜ್ ಎಂಬ ಕಮರಿ ಆಳಕ್ಕೆ ಬಾಯಿಬಿಟ್ಟುಕೊಂಡಿರುತ್ತದೆ. ಕೆಳಗೆ ಇಳಿಯಬಾರದು. ಎಡಕ್ಕೆ ತಿರುಗಿ, ಬೆಟ್ಟ ಎಡಗೈಗೆ ಬರುವಂತೆ, ಲೆಡ್ಜಸ್ ಎನ್ನುವ ಓರೆ ಹಾಸುಗಳ ಮೇಲೆ ಅಡ್ಡಲಾಗಿ ಹೋಗಬೇಕು. ನೀವು ಕೇಳಿದ ಬಣ್ಣದ ಗುರುತು ಶುರುವಾಗುವುದು ಇಲ್ಲಿಂದ: ಬಂಡೆಯ ಮೇಲೆ ಹಳದಿ ಕೆಂಪು ಬಣ್ಣದ ವೃತ್ತ, ಇಲ್ಲಿಯವರು ಬುಲ್ಸ್‌ಐ ಅನ್ನುತ್ತಾರೆ. ದಾರಿ ತಪ್ಪುವುದಿಲ್ಲ ಎಂಬ ಮಾತು ಅರ್ಧ ನಿಜ. ಗುರುತು ಇರುವುದು ನಿಜ, ಆದರೆ ಬಣ್ಣ ಬಿಸಿಲು ಹಿಮಕ್ಕೆ ಮಾಸುತ್ತದೆ, ಹೊಸ ಹಿಮ ಎರಡು ಇಂಚು ಬಿದ್ದರೆ ಸಾಕು, ಎಷ್ಟೋ ಗುರುತು ಮುಚ್ಚಿಹೋಗುತ್ತದೆ. ಮೇಲಾಗಿ ಜನ ಗುರುತು ನೋಡುವುದನ್ನು ಬಿಟ್ಟು ಮುಂದಿನವರ ಬೆನ್ನು ನೋಡಿಕೊಂಡು ಹೋಗುತ್ತಾರೆ, ಮುಂದಿನವರು ತಪ್ಪಿದರೆ ಇಡೀ ಸಾಲೇ ತಪ್ಪುತ್ತದೆ. ಆದ್ದರಿಂದ ಒಂದು ಬುಲ್ಸ್‌ಐ ಬಳಿ ನಿಂತು ಮುಂದಿನದು ಕಂಡ ಮೇಲೆಯೇ ಹೆಜ್ಜೆ ಇಡಿ. ಮೂರು ನಾಲ್ಕು ನಿಮಿಷ ನಡೆದರೂ ಹೊಸದು ಕಾಣದಿದ್ದರೆ ಮುಂದೆ ಹುಡುಕಬೇಡಿ, ಹಿಂದೆ ಕಂಡ ಕೊನೆಯ ಗುರುತಿಗೆ ವಾಪಸ್ ಬನ್ನಿ. ಹಾಗೆಯೇ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಹಿಂತಿರುಗಿ ನೋಡಿ. ಬರುವಾಗ ಬೆಟ್ಟ ಬೇರೆಯೇ ಕಾಣುತ್ತದೆ.

ಲೆಡ್ಜಸ್ ನಡುವೆ ಬಂಡೆ ಇಂಗ್ಲಿಷಿನ ವಿ ಅಕ್ಷರದಂತೆ ಸೀಳಿರುವ ಒಂದು ಕಡಿದಾದ ಜಾಗ ಬರುತ್ತದೆ, ಹಿಡಿಯಲು ಹಳೆಯ ಕಬ್ಬಿಣದ ಸರಳು ನೆಟ್ಟಿದ್ದಾರೆ. ಇಲ್ಲಿ ಜನ ಸಾಲುಗಟ್ಟುತ್ತಾರೆ, ಇಳಿಯುವವರಿಗೆ ದಾರಿ ಬಿಡಿ. ಇದನ್ನು ಹತ್ತಿದ ಮೇಲೆ ದಾರಿ ಮತ್ತೆ ಕೆಳಗೆ ಇಳಿಯುತ್ತದೆ. ತುದಿ ಮೇಲಿದೆ, ನಾವೇಕೆ ಇಳಿಯುತ್ತಿದ್ದೇವೆ ಎಂದು ಅನುಮಾನಪಟ್ಟು ನೇರ ಮೇಲಕ್ಕೆ ಹತ್ತಿದವರು ಕಡಿದಾದ ಬಂಡೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಗುರುತು ಇಳಿ ಅಂದರೆ ಇಳಿಯಿರಿ.

ಇಳಿದು ಸೇರುವುದು ಟ್ರಾಫ್ ಎಂಬ ಉದ್ದನೆಯ ಕೊರಕಲನ್ನು. ಸೇರುವ ಜಾಗದಲ್ಲಿ ನಿಂತು ಕೆಳಗಿನಿಂದ, ಮೇಲಿನಿಂದ ಕಾಣುವಂತೆ ಎರಡು ಫೋಟೋ ತೆಗೆಯಿರಿ, ಬರುವಾಗ ಇದೇ ನಿಮ್ಮನ್ನು ಕಾಪಾಡುತ್ತದೆ. ಟ್ರಾಫ್ ಸುಮಾರು 500 ರಿಂದ 600 ಅಡಿ ನೇರ ಏರಿಕೆ, 13,850 ಅಡಿಗೆ ಮುಗಿಯುತ್ತದೆ. ನಡುವಿನಲ್ಲೆಲ್ಲ ಸಡಿಲ ಜಲ್ಲಿ, ಮಣ್ಣು, ತೆಂಗಿನಕಾಯಿ ಗಾತ್ರದ ಕಲ್ಲು. ಜನ ಸಲೀಸೆಂದು ನಡುವೆ ಹತ್ತಿ ಒಂದು ಹೆಜ್ಜೆಗೆ ಅರ್ಧ ಹೆಜ್ಜೆ ಜಾರುತ್ತಾರೆ. ಅಂಚಿನ ಗಟ್ಟಿ ಬಂಡೆಯ ಮೇಲೆ ಹತ್ತಿದರೆ ಉಸಿರೂ ಉಳಿಯುತ್ತದೆ, ಕೆಳಗಿನವರ ತಲೆಯೂ ಉಳಿಯುತ್ತದೆ. ಹೆಲ್ಮೆಟ್ ಬೇಕಾಗುವುದು ಇದಕ್ಕೆ. ಮೇಲೆ ಐವತ್ತು ಜನ ಹತ್ತುತ್ತಿರುವಾಗ ನಿಮ್ಮ ಎಚ್ಚರ ಒಂದೇ ಸಾಲದು. ನಿಮ್ಮ ಕಾಲಿನಿಂದ ಕಲ್ಲು ಉರುಳಿದರೆ ಕನ್ನಡದಲ್ಲಿ ಕೂಗುವುದು ಬೇಡ, ಗಟ್ಟಿಯಾಗಿ ‘ರಾಕ್’ ಎನ್ನಿ, ಆ ಒಂದು ಪದಕ್ಕೆ ಕೆಳಗಿನವರೆಲ್ಲ ಬಂಡೆಗೆ ಒತ್ತಿಕೊಳ್ಳುತ್ತಾರೆ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬೇಡಿ.

ಟ್ರಾಫಿನ ತಲೆಯಲ್ಲಿ ಒಂದು ದೊಡ್ಡ ಕಲ್ಲು ಸಿಕ್ಕಿಕೊಂಡಿದೆ. ಇಡೀ ದಾರಿಯಲ್ಲಿ ಕೈಗೆ ಹೆಚ್ಚು ಕೆಲಸ ಇರುವ ಜಾಗ ಇದೇ, ಹತ್ತು ಹನ್ನೆರಡು ಅಡಿ. ಎಡ, ಬಲ ಎರಡೂ ಕಡೆಯಿಂದ ಹತ್ತುತ್ತಾರೆ, ಒಣಗಿರುವ ಕಡೆ ಆರಿಸಿಕೊಳ್ಳಿ. ಮೊದಲು ಕಾಲಿಡುವ ಜಾಗ ಹುಡುಕಿ, ಆಮೇಲೆ ಕೈ. ಕೈಯಿಂದ ಮೈ ಎಳೆದುಕೊಳ್ಳಲು ಹೋದರೆ ಈ ಎತ್ತರದಲ್ಲಿ ತೋಳು ಒಂದೇ ನಿಮಿಷಕ್ಕೆ ಸೋಲುತ್ತದೆ. ಇಲ್ಲಿ ನಿಮಗೆ ಹೆದರಿಕೆಯಾಗಿ ಕಾಲು ನಡುಗಿದರೆ ಹಿಂತಿರುಗಿ. ಹತ್ತಿದ್ದನ್ನೇ ಇಳಿಯಬೇಕು, ಇಳಿಯುವುದು ಹತ್ತುವುದಕ್ಕಿಂತ ಕಷ್ಟ.

ಆ ಕಲ್ಲಿನಾಚೆ ಕಾಲಿಟ್ಟರೆ ದಕ್ಷಿಣದ ಮಗ್ಗುಲು, ನ್ಯಾರೋಸ್. ಎಡಕ್ಕೆ ಗೋಡೆಯಂಥ ಬಂಡೆ, ಬಲಕ್ಕೆ ನೂರಾರು ಅಡಿ ಖಾಲಿ, ನಡುವೆ ಕಾಲ್ದಾರಿಯಗಲದ ಅಂಚು. ನೋಡಲು ಭಯ, ನಡೆಯಲು ಸುಲಭ: ಹಿಡಿತ ಚೆನ್ನಾಗಿದೆ, ಬಂಡೆ ಒರಟು. ಈ ಬೆಟ್ಟದ ಗ್ರಾನೈಟ್ ಸುಮಾರು 140 ಕೋಟಿ ವರ್ಷ ಹಳೆಯದು, ದೊಡ್ಡ ದೊಡ್ಡ ಹರಳು ಎದ್ದಿರುವುದರಿಂದ ಒಣಗಿದಾಗ ಶೂ ಅಂಟಿ ಹಿಡಿದಂತೆ ನಿಲ್ಲುತ್ತದೆ. ಒಂದು ಕಡೆ ಚಾಚಿದ ಬಂಡೆಯನ್ನು ತಬ್ಬಿಕೊಂಡಂತೆ ದಾಟಬೇಕು. ಬೆನ್ನಿನ ಚೀಲ ಉಬ್ಬಿದ್ದರೆ ಅದು ಬಂಡೆಗೆ ತಗಲಿ ನಿಮ್ಮನ್ನು ಹೊರಕ್ಕೆ ತಳ್ಳುತ್ತದೆ. ಆದ್ದರಿಂದ ಚೀಲದ ಪಕ್ಕದಲ್ಲಿ ಬಾಟಲಿ, ಮ್ಯಾಟು ಏನನ್ನೂ ನೇತುಹಾಕಬೇಡಿ.

ಕೊನೆಯದು ಹೋಮ್‌ಸ್ಟ್ರೆಚ್: ಸುಮಾರು 300 ಅಡಿ ಎತ್ತರದ, ಕಡಿದಾದ ಹಾಸುಬಂಡೆ. ಉದ್ದಕ್ಕೂ ಬಿರುಕುಗಳಿವೆ, ಆ ಬಿರುಕುಗಳಲ್ಲೇ ಕೈ ಕಾಲು ಇಟ್ಟು ಹತ್ತಬೇಕು. ಲಕ್ಷಾಂತರ ಬೂಟು ಸವೆದು ಇಲ್ಲಿ ಬಂಡೆ ಅಲ್ಲಲ್ಲಿ ನುಣುಪಾಗಿದೆ, ಮೇಲಿನಿಂದ ಸೋರುವ ನೀರು ಕೆಲವೊಮ್ಮೆ ಇದರ ಮೇಲೆಯೇ ಹರಿಯುತ್ತದೆ. ಇಡೀ ದಾರಿಯಲ್ಲಿ ನಾನು ಅತಿ ಹೆಚ್ಚು ಎಚ್ಚರ ಹೇಳುವುದು ಈ 300 ಅಡಿಗೆ. ಮೇಲೆ ಹೋದಮೇಲೆ ತುದಿ ಅಗಲವಾದ ಚಪ್ಪಟೆ ಬಯಲು. 1868ರ ಆಗಸ್ಟ್ 23ರಂದು ಜಾನ್ ವೆಸ್ಲಿ ಪೊವೆಲ್ ತಂಡ ಇಲ್ಲಿಗೆ ಹತ್ತಿದ್ದು ದಾಖಲಾದ ಮೊದಲ ಏರುವಿಕೆ. ತುದಿ ಮುಟ್ಟಿದ ಖುಷಿಯಲ್ಲಿ ಬಯಲಿನ ಆಚೆ ತುದಿಗೆ ಹೋಗುವ ಮೊದಲು, ಹೋಮ್‌ಸ್ಟ್ರೆಚ್‌ನಿಂದ ಮೇಲೆ ಬಂದ ಜಾಗವನ್ನು ತಿರುಗಿ ನೋಡಿ ಫೋನಿನಲ್ಲಿ ಜಿಪಿಎಸ್ ಗುರುತು ಹಾಕಿಕೊಳ್ಳಿ. ಮಂಜು ಮುಸುಕಿದರೆ ಈ ಬಯಲಿನಲ್ಲಿ ಎಲ್ಲ ಅಂಚೂ ಒಂದೇ ಥರ, ಇಳಿಯಲು ದಾರಿ ಇರುವುದು ಒಂದೇ ಕಡೆ. ಒಂಬತ್ತಕ್ಕೆ ಮುಟ್ಟಿದ್ದರೆ ಇಪ್ಪತ್ತು ನಿಮಿಷ ಕೂರಿ, ತಿನ್ನಿ, ಹೊರಡಿ.

ಇಳಿಯುವುದು. ತುದಿ ಅರ್ಧ ದಾರಿ ಮಾತ್ರ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ, ಮೈಮೇಲೆ ಬರುವುದು ಹೋಮ್‌ಸ್ಟ್ರೆಚ್‌ನ ತಲೆಯಲ್ಲಿ ನಿಂತು ಕೆಳಗೆ ನೋಡಿದಾಗ. ಓರೆ ಕಡಿಮೆ ಇರುವಲ್ಲಿ ಹೊರಮುಖವಾಗಿ ಕುಳಿತು, ಎರಡು ಅಂಗೈ ಹಿಂದೆ ಊರಿ, ಪೂರ್ತಿ ಪಾದ ಬಂಡೆಗೆ ಒತ್ತಿ ಜರುಗಿ. ಆದರೆ ಚೀಲದ ತಳ ಹಿಂದೆ ಬಂಡೆಗೆ ಸಿಕ್ಕಿಕೊಂಡು ಸೊಂಟವನ್ನು ಮುಂದಕ್ಕೆ ನೂಕುತ್ತದೆ. ಇದು ಎಷ್ಟೋ ಜನರಿಗೆ ಗೊತ್ತಾಗುವುದು ಜಾರುವ ಕ್ಷಣದಲ್ಲಿ. ಚೀಲದ ಭುಜದ ಪಟ್ಟಿಯನ್ನು ಬಿಗಿ ಎಳೆದು ಚೀಲವನ್ನು ಬೆನ್ನಿನಲ್ಲಿ ಮೇಲಕ್ಕೆ ಏರಿಸಿಕೊಳ್ಳಿ. ಕಡಿದಾದಲ್ಲಿ ನಾಚಿಕೆ ಬಿಟ್ಟು ಬಂಡೆಗೆ ಮುಖಮಾಡಿ, ಏಣಿ ಇಳಿಯುವಂತೆ ಇಳಿಯಿರಿ.

ಟ್ರಾಫಿನಲ್ಲಿ ಇಳಿಯುವಾಗ ಆಗುವ ತಪ್ಪು ಒಂದೇ, ಆದರೆ ದೊಡ್ಡದು. ಜಲ್ಲಿಯ ಮೇಲೆ ಸರಸರ ಇಳಿಯುತ್ತ, ಬಲಕ್ಕೆ ಲೆಡ್ಜಸ್ ಕಡೆ ತಿರುಗುವ ಜಾಗವನ್ನು ದಾಟಿ ಕೆಳಗೆ ಹೋಗಿಬಿಡುತ್ತಾರೆ. ಕೊರಕಲು ಗ್ಲೇಸಿಯರ್ ಗಾರ್ಜ್ ತನಕ ಇಳಿಯುತ್ತಲೇ ಹೋಗುತ್ತದೆ, ತಡೆಯುವುದು ಏನೂ ಇಲ್ಲ. ನಡುವೆ ಇಳಿಯುವ ಬದಲು ಬಲ ಅಂಚಿಗೆ ಹತ್ತಿರ ಇಳಿಯಿರಿ, ಹತ್ತುವಾಗ ತೆಗೆದ ಫೋಟೋ ನೋಡಿ ಗುರುತು ಹಿಡಿಯಿರಿ. ಎತ್ತರ ತೋರಿಸುವ ಕೈಗಡಿಯಾರ ಇದ್ದರೆ ಹತ್ತುವಾಗ ಬರೆದಿಟ್ಟುಕೊಂಡ ಸಂಖ್ಯೆಗೆ ಬಂದೊಡನೆ ನಿಲ್ಲಿ. ಆಮೇಲೆ ಲೆಡ್ಜಸ್ ಮೇಲೆ ಬರುವಾಗ ಬಲಗಡೆ ದಿಂಡಿನಲ್ಲಿ ಒಂದು ಹರಕು ಕಾಣುತ್ತದೆ. ಅದು ಕೀಹೋಲ್ ಅಲ್ಲ. ಹೆಸರೇ ಫಾಲ್ಸ್ ಕೀಹೋಲ್. ನಿಜವಾದದ್ದು ಇನ್ನೂ ಮುಂದಿದೆ, ಬುಲ್ಸ್‌ಐಗಳು ಅದರ ಕೆಳಗಿನಿಂದಲೇ ಹೋಗುತ್ತವೆ. ನೆನಪಿಗೆ ಕಲ್ಲಿನ ಗೂಡು ಇರಲಿ: ಆಚೆ ಗೂಡು ಕಾಣದಿದ್ದರೆ ಅದು ಕೀಹೋಲ್ ಅಲ್ಲ.

ಇನ್ನು ಬಂಡೆಯ ಸ್ಥಿತಿ. ಸಾಮಾನ್ಯವಾಗಿ ಜುಲೈ ನಡುವಿನಿಂದ ಸೆಪ್ಟೆಂಬರ್ ಮೊದಲ ಭಾಗದ ತನಕ ಈ ದಾರಿ ಹಿಮವಿಲ್ಲದೆ ಇರುತ್ತದೆ. ಜೂನ್‌ನಲ್ಲಿ ಟ್ರಾಫ್ ತುಂಬ ಹಿಮವೇ. ಪಾರ್ಕಿನ ರೇಂಜರ್‌ಗಳು ಸ್ಥಿತಿಯ ವರದಿಯಲ್ಲಿ ಟೆಕ್ನಿಕಲ್ ಎಂದು ಬರೆದಿದ್ದರೆ ಐಸ್ ಆಕ್ಸ್ ಎಂಬ ಹಿಮದ ಕೊಡಲಿ, ಬೂಟಿಗೆ ಕಟ್ಟುವ ಉಕ್ಕಿನ ಹಲ್ಲಿನ ಕ್ರಾಂಪಾನ್ ಮತ್ತು ಅವನ್ನು ಬಳಸುವ ಅಭ್ಯಾಸ ಬೇಕು ಎಂದರ್ಥ. ನಾನ್ ಟೆಕ್ನಿಕಲ್ ಎಂದಿದ್ದರೆ ಸುಲಭ ಎಂದರ್ಥವಲ್ಲ, ಬಂಡೆ ಒಣಗಿದೆ ಎಂದಷ್ಟೇ. ವರದಿಯ ತಾರೀಖು ನೋಡಿ. ಎರಡು ದಿನದ ಹಿಂದಿನ ವರದಿಯ ಮೇಲೆ ನಿನ್ನೆ ರಾತ್ರಿ ಮಳೆ ಬಿದ್ದಿದ್ದರೆ ಆ ವರದಿಗೆ ಬೆಲೆ ಇಲ್ಲ. ಆಗಸ್ಟ್ ಕೊನೆಯಲ್ಲಿ 13,000 ಅಡಿ ಮೇಲೆ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಇರುತ್ತದೆ. ಸಂಜೆಯ ಮಳೆಯ ನೀರು ಬೆಳಗಾಗುವುದರೊಳಗೆ ಬಂಡೆಯ ಮೇಲೆ ಗಾಜಿನ ಪದರವಾಗಿ ಕೂತಿರುತ್ತದೆ. ಲೆಡ್ಜಸ್, ಟ್ರಾಫ್ ಎರಡೂ ಪಶ್ಚಿಮಕ್ಕೆ ಮುಖಮಾಡಿವೆ, ಬಿಸಿಲು ತಡವಾಗಿ ಬರುತ್ತದೆ, ಆ ಪದರ ಕರಗುವುದೂ ತಡ.

ಇದನ್ನು ಕಣ್ಣಿನಿಂದ ಹಿಡಿಯಲು ಕಲಿಯಿರಿ. ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಬರೀ ಒದ್ದೆಯಾದ ಬಂಡೆ ಮಂಕಾಗಿ ಕಪ್ಪಗೆ ಕಾಣುತ್ತದೆ, ಐಸ್ ಕೂತ ಬಂಡೆ ಎಣ್ಣೆ ಬಳಿದಂತೆ ಹೊಳೆಯುತ್ತದೆ, ತಲೆ ಅಲುಗಿಸಿದರೆ ಹೊಳಪೂ ಜೊತೆಗೆ ಓಡುತ್ತದೆ. ಅನುಮಾನ ಬಂದರೆ ಉಗುರಿನಿಂದ ಕೆರೆಯಿರಿ: ನೀರಾದರೆ ಬೆರಳು ತೇವವಾಗುತ್ತದೆ, ಐಸಾದರೆ ಬಿಳಿ ಗೀರು ಏಳುತ್ತದೆ. ಕೀಹೋಲ್ ದಾಟಿದ ಮೊದಲ ಹತ್ತು ಹಾಸಿನಲ್ಲಿ ನಾಲ್ಕರಲ್ಲಿ ಹೀಗಿದ್ದರೆ ಅರ್ಧ ಗಂಟೆ ಬಿಸಿಲಿಗಾಗಿ ಕಾಯಬೇಡಿ, ಮಧ್ಯಾಹ್ನದ ಗುಡುಗು ಮಳೆಗೆ ಮೊದಲು ನಿಮಗಿರುವ ಹೊತ್ತಿನಲ್ಲಿ ಅಷ್ಟು ಕಳೆದುಹೋಗುತ್ತದೆ. ವಾಪಸ್ ಬನ್ನಿ. ಅಂಗಾಲಿಗೆ ಹಾಕುವ ಮೈಕ್ರೋಸ್ಪೈಕ್ಸ್ ತಂದಿದ್ದೇನೆ ಎಂಬ ಧೈರ್ಯ ಇಲ್ಲಿ ಮೋಸ. ತೆಳು ಪದರದ ಓರೆ ಬಂಡೆಯ ಮೇಲೆ ಅದರ ಹಲ್ಲು ಕಚ್ಚುವುದಿಲ್ಲ, ಕೆರೆದು ಜಾರುತ್ತದೆ.

ಸಿಡಿಲಿನ ಬಗ್ಗೆ ಎರಡೇ ಮಾತು. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ನೀವು ಈಗಾಗಲೇ ಅಪಾಯದ ಒಳಗಿದ್ದೀರಿ, ಎಲ್ಲಿದ್ದರೂ ಇಳಿಯಲು ಶುರುಮಾಡಿ. ಕೂದಲು ನಿಮಿರಿದರೆ, ಬಂಡೆಯೋ ಕೋಲೋ ಜೇನಿನಂತೆ ಗುಂಯ್‌ಗುಟ್ಟಿದರೆ ಒಬ್ಬೊಬ್ಬರೂ ದೂರ ದೂರ ಹರಡಿಕೊಳ್ಳಿ, ದಿಂಡಿನಿಂದ ಆದಷ್ಟು ಬೇಗ ಕೆಳಗಿಳಿಯಿರಿ. ಆದರೆ ಹೋಮ್‌ಸ್ಟ್ರೆಚ್ ಮೇಲಿದ್ದಾಗ ಮಳೆ ಬಂದರೆ ಬೇಗ ಇಳಿಯುವ ದಾರಿಯೇ ಇಲ್ಲ, ಅದಕ್ಕಾಗಿಯೇ ಮೊದಲಿನಿಂದ ಗಡಿಯಾರ ಗಡಿಯಾರ ಅನ್ನುತ್ತಿದ್ದೇನೆ.

ಚೀಲದಲ್ಲಿ ಏನಿರಬೇಕು? ಒಬ್ಬೊಬ್ಬರಿಗೆ ಮೂರು ಲೀಟರ್ ನೀರು. ದಾರಿಯ ಹಳ್ಳದಲ್ಲಿ ಫಿಲ್ಟರ್ ಮಾಡಿ ತುಂಬಿಕೊಳ್ಳಬಹುದಾದರೆ ಹೊರುವಾಗ ಎರಡು ಸಾಕು. ಹೆಡ್‌ಲ್ಯಾಂಪ್ ಜೊತೆ ಬೇರೆ ಬ್ಯಾಟರಿ, ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಫೋನನ್ನು ಅಂಗಿಯ ಒಳಜೇಬಿನಲ್ಲಿಡಿ. ಹತ್ತಿಯ ಟೀ ಶರ್ಟ್, ಜೀನ್ಸ್ ಬೇಡ, ಬೆವರು ಹೀರಿ ಮೈ ತಣ್ಣಗಾಗಿಸುತ್ತವೆ. ಉಣ್ಣೆಯ ಟೋಪಿ, ಗಾಳಿ ಮಳೆ ತಡೆಯುವ ಜಾಕೆಟ್, ಫ್ಲೀಸ್, ಬೆರಳಾಡುವಷ್ಟು ತೆಳ್ಳಗಿನ ಕೈಗವಸು. ಸೋಲ್ ಮೆತ್ತಗಿನ ರಬ್ಬರಿನ, ಹಲ್ಲು ಸವೆಯದ ಶೂ. ಓಡುವ ಶೂ ಹಾಕಿ ಹೋಮ್‌ಸ್ಟ್ರೆಚ್‌ಗೆ ಬರಬೇಡಿ. ಚಳಿಯಲ್ಲಿ ಎನರ್ಜಿ ಬಾರ್ ಕಲ್ಲಾಗುತ್ತದೆ, ಚಪಾತಿ ರೋಲ್, ಕಡಲೆ ಚಿಕ್ಕಿ, ಖರ್ಜೂರ, ಉಪ್ಪಿನ ತಿಂಡಿ ಚೆನ್ನಾಗಿ ಇಳಿಯುತ್ತವೆ. ಹಸಿವಾಗುವ ತನಕ ಕಾಯದೆ ಗಂಟೆಗೊಮ್ಮೆ ಬಾಯಿಗೆ ಹಾಕಿಕೊಳ್ಳಿ. ಫೋನ್ ಸಿಗ್ನಲ್ ನೆಚ್ಚಬೇಡಿ, ನಕ್ಷೆ ಡೌನ್‌ಲೋಡ್ ಆಗಿರಲಿ. ಎಷ್ಟು ಗಂಟೆಗೆ ವಾಪಸ್ ಬರುತ್ತೀರಿ, ಬಾರದಿದ್ದರೆ ಯಾವ ಹೊತ್ತಿಗೆ 911ಕ್ಕೆ ಕರೆ ಮಾಡಬೇಕು ಎಂದು ಮನೆಯವರಿಗೆ ಬರೆದು ಕೊಟ್ಟು ಹೋಗಿ.

ನಿಮಗೆ ಒಂದು ಸಲಹೆ. ಆಗಸ್ಟ್ ಮೊದಲ ವಾರವೇ ಒಂದು ದಿನ ಕೀಹೋಲ್ ತನಕ ಮಾತ್ರ ಹೋಗಿ ಬನ್ನಿ. ಕವಲುಗಳು ಹಗಲಲ್ಲಿ ಕಣ್ಣಿಗೆ ಪರಿಚಯವಾಗುತ್ತವೆ, ನಿಮ್ಮ ನಿಜವಾದ ವೇಗ ತಿಳಿಯುತ್ತದೆ, ಆಚೆಯ ಲೆಡ್ಜಸ್‌ನಲ್ಲಿ ಐವತ್ತು ಹೆಜ್ಜೆ ಇಟ್ಟು ವಾಪಸ್ ಬಂದರೆ ಎತ್ತರಕ್ಕೆ ನಿಮ್ಮ ತಲೆ ಹೇಗೆ ಸ್ಪಂದಿಸುತ್ತದೆ ಎನ್ನುವುದೂ ತಿಳಿಯುತ್ತದೆ. ಕಾರಿನಿಂದ ಕೀಹೋಲಿಗೆ ಐದೂವರೆ ಗಂಟೆ ಹಿಡಿದರೆ ತುದಿಯ ದಿನ ಒಂದು ಗಂಟೆ ಮೊದಲೇ ಹೊರಡಬೇಕು ಎಂದಾಯಿತು. ಆ ನಡುವೆ ಒಳಾಂಗಣ ಕ್ಲೈಂಬಿಂಗ್ ಜಿಮ್ಮಿಗೆ ನಾಲ್ಕು ಸಲ ಹೋಗಿ, ಹತ್ತಿದ ದಾರಿಯಲ್ಲೇ ಇಳಿಯುವ ಅಭ್ಯಾಸ ಮಾಡಿ. ಹತ್ತುವುದನ್ನು ಅಲ್ಲಿ ಎಲ್ಲರೂ ಕಲಿಯುತ್ತಾರೆ, ನಿಮಗೆ ಬೇಕಾದ್ದು ಇಳಿಯುವುದು.

ಭಾಮೈದನಿಗೆ. ಬಂದ ಎರಡು ದಿನ ಮನೆಯಲ್ಲಿ ನೀರು ಕುಡಿದು ನಿದ್ದೆ ಮಾಡಲಿ. ಮೂರನೆಯ ರಾತ್ರಿ 7,522 ಅಡಿಯ ಎಸ್ಟಿಸ್ ಪಾರ್ಕ್ ಊರಿನಲ್ಲಿ ಮಲಗಿ. ನಾಲ್ಕನೆಯ ದಿನ ಅದೇ ದಾರಿಯಲ್ಲಿ ಕ್ಯಾಸಮ್ ಜಂಕ್ಷನ್‌ಗೆ ಹೋಗಿ ಎಡಕ್ಕೆ ತಿರುಗಿ, 11,760 ಅಡಿಯ ಕ್ಯಾಸಮ್ ಸರೋವರಕ್ಕೆ ಕರೆದೊಯ್ಯಿರಿ. ಕೊನೆಯಲ್ಲಿ ಒಂದಿಷ್ಟು ಕಲ್ಲು ಹತ್ತುವುದು ಬಿಟ್ಟರೆ ಎಲ್ಲ ನಡೆಯುವ ದಾರಿ. ಸರೋವರದ ಎದುರು ಲಾಂಗ್ಸ್ ಪೀಕಿನ ಪೂರ್ವ ಮುಖ ಒಂದೇ ಗೋಡೆಯಾಗಿ ಎದ್ದು ನಿಂತಿದೆ, ಬೆಳಗಿನ ಬಿಸಿಲು ಬಿದ್ದಾಗ ಇಡೀ ಗೋಡೆ ಕೆಂಪಗೆ ಹೊಳೆಯುತ್ತದೆ. ನನ್ನ ಮಟ್ಟಿಗೆ ಈ ಬೆಟ್ಟವನ್ನು ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ತುದಿಯೂ ಅಲ್ಲ. ದಾರಿಯಲ್ಲಿ ಅವನಿಗೆ ತಲೆನೋವಿನ ಜೊತೆ ವಾಂತಿ ಬಂದರೆ, ನೇರ ಗೆರೆಯ ಮೇಲೆ ನಡೆಯಲು ತಡವರಿಸಿದರೆ, ಕೂತಲ್ಲೇ ಉಸಿರಾಡಲು ಕಷ್ಟಪಟ್ಟರೆ ಮಾತ್ರೆ ಕೊಟ್ಟು ಕಾಯಬೇಡಿ, ಆ ಕ್ಷಣ ಕೆಳಗಿಳಿಸಿ. ಎತ್ತರದ ಕಾಯಿಲೆಗೆ ಮುನ್ನೆಚ್ಚರಿಕೆಯಾಗಿ ಅಸೆಟಜೊಲಮೈಡ್ ಕೊಡುವುದುಂಟು, ಆದರೆ ಸಲ್ಫಾ ಔಷಧಿಯ ಅಲರ್ಜಿ ಇದೆಯೇ ಎಂದು ಕೇಳಿ ವೈದ್ಯರೇ ಬರೆದುಕೊಡಲಿ. ಅವನು ಮೂರು ವಾರ ಇರುವವನಾದರೆ, ಎರಡನೆಯ ವಾರ 12,324 ಅಡಿಯ ಫ್ಲಾಟ್‌ಟಾಪ್ ಬೆಟ್ಟವನ್ನು ತಲೆನೋವಿಲ್ಲದೆ ಹತ್ತಿ ಇಳಿದ ಮೇಲೆ, ಸೆಪ್ಟೆಂಬರಿನ ಮೊದಲ ಹಿಮ ಬೀಳುವ ಮುಂಚೆ ಕೀಹೋಲ್ ತನಕ ಜೊತೆಗೆ ಬರಲಿ. ಆಚೆಗೆ ಹೋಗುವುದೋ ಬಿಡುವುದೋ ಎನ್ನುವುದನ್ನು ಅಲ್ಲಿ ನಿಂತು, ಪಶ್ಚಿಮದ ಆಕಾಶ ಮತ್ತು ಅವನ ಮುಖ ಎರಡನ್ನೂ ನೋಡಿ ನಿರ್ಧರಿಸಿ.